ಡಿಸಬಿಲಿಟಿ ಪೆನ್ಷನ್: ಮಿಲಿಟರಿ ಆಸ್ಪತ್ರೆಯ ಹಳೇ ಕಾಗದಗಳನ್ನು ಕೂಡಿಸುವುದು ಹೇಗೆ

ಅಪ್ಪ 2016ರಲ್ಲಿ ಹವಾಲ್ದಾರ್ ಆಗಿ ಮಿಲಿಟರಿಯಿಂದ ರಿಟೈರ್ ಆದರು. 24 ವರ್ಷ ಸರ್ವಿಸ್. ಎಡಗಾಲಿನ ಮಂಡಿ ಪೂರ್ತಿ ಮಡಚುತ್ತಿರಲಿಲ್ಲ, ನೆಲದ ಮೇಲೆ ಊಟಕ್ಕೆ ಕೂರಲು ಆಗುತ್ತಿರಲಿಲ್ಲ. ಹೊರಡುವ ಮುಂಚೆ ನಡೆದ ಮೆಡಿಕಲ್ ಬೋರ್ಡ್ (ಮಿಲಿಟರಿ ಡಾಕ್ಟರುಗಳ ಸಮಿತಿ) ಶೇಕಡ 20 ಅಂಗವೈಕಲ್ಯ ಅಂತ ಬರೆದಿತ್ತು. ಆದರೂ ಡಿಸಬಿಲಿಟಿ ಪೆನ್ಷನ್ ಕೊಡಲು ಬರುವುದಿಲ್ಲ ಅಂತ ಪತ್ರ ಬಂತು. ಅಪ್ಪ ಅದನ್ನು ಓದಿ, ಗೋಡೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟು ಸುಮ್ಮನಾದರು.

ಅದು ನನ್ನ ಕಣ್ಣಿಗೆ ಬೀಳುವಾಗ ನಾಲ್ಕು ತಿಂಗಳಾಗಿತ್ತು. ಅಪೀಲು ಹಾಕಲು ಇರುವುದು ಆರು ತಿಂಗಳು. ಅಂದರೆ ನಮ್ಮ ಕೈಲಿದ್ದದ್ದು ಎರಡೇ ತಿಂಗಳು. ಪತ್ರದಲ್ಲಿದ್ದ ಕಾರಣ ಒಂದೇ ಸಾಲು: ಇಂಜುರಿ ರಿಪೋರ್ಟ್ ಲಭ್ಯವಿಲ್ಲ, ಆದ್ದರಿಂದ ಈ ತೊಂದರೆ ಸೇವೆಯಿಂದ ಬಂದದ್ದಲ್ಲ.

ಆ ಎರಡು ತಿಂಗಳಲ್ಲಿ ಕಲಿತದ್ದನ್ನೂ, ಆಮೇಲೆ ನಮ್ಮ ಕಡೆಯ ನಾಲ್ಕಾರು ಮಾಜಿ ಸೈನಿಕರ ಮನೆಗಳಲ್ಲಿ ಕೂತು ಕಾಗದ ಜೋಡಿಸುವಾಗ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಒಂದು ಪತ್ರ ಕ್ಯಾಲೆಂಡರ್ ಹಿಂದೆ ಇದ್ದರೆ, ಇವತ್ತೇ ಹೊರಗೆ ತೆಗೆಯಿರಿ.

ರುಜುವಾತು ಮಾಡಬೇಕಾದದ್ದು ಯಾವುದು?

ಹೆಚ್ಚಿನವರು ಇಲ್ಲೇ ದಾರಿ ತಪ್ಪುತ್ತಾರೆ. ಕಾಲು ನೋವಿದೆ, ಕಿವಿ ಕೇಳಿಸಲ್ಲ, ಬಿಪಿ ಇದೆ ಅಂತ ತೋರಿಸಲು ಈಗಿನ ಆಸ್ಪತ್ರೆಗಳಿಂದ ಕಟ್ಟುಗಟ್ಟಲೆ ರಿಪೋರ್ಟ್ ತರುತ್ತಾರೆ. ಕಾಯಿಲೆ ಇದೆ ಅನ್ನುವುದನ್ನು ಸಾಮಾನ್ಯವಾಗಿ ಯಾರೂ ಅಲ್ಲಗಳೆಯುವುದಿಲ್ಲ. ಬೋರ್ಡೇ ಅದನ್ನು ಬರೆದಿರುತ್ತದೆ. ತಕರಾರು ಇರುವುದು ಆ ಕಾಯಿಲೆಗೂ ಸೇವೆಗೂ ಇರುವ ಸಂಬಂಧದ ಮೇಲೆ.

ಬೋರ್ಡ್ ಎರಡು ಪ್ರಶ್ನೆ ಕೇಳಿಕೊಳ್ಳುತ್ತದೆ. ಈ ತೊಂದರೆ ಸೇವೆಯಿಂದಲೇ ಬಂತಾ? ಅಥವಾ ಬೇರೆ ಕಾರಣದಿಂದ ಬಂದದ್ದು ಸೇವೆಯಿಂದ ಜಾಸ್ತಿ ಆಯ್ತಾ? ಎರಡರಲ್ಲಿ ಒಂದಕ್ಕೆ ಹೌದು ಅಂತ ಉತ್ತರ ಬಂದರೂ ಸಾಕು. ಎರಡಕ್ಕೂ ಇಲ್ಲ ಅಂದರೆ ಕಡತದಲ್ಲಿ 'ಎನ್‌ಎಎನ್‌ಎ' ಅನ್ನುವ ನಾಲ್ಕು ಅಕ್ಷರ ಬೀಳುತ್ತದೆ. ಅವಧಿ ಮುಗಿಸಿ ರಿಟೈರ್ ಆದವರಿಗೆ ಅಂಗವೈಕಲ್ಯ ಶೇಕಡ 20 ಅಥವಾ ಅದಕ್ಕಿಂತ ಜಾಸ್ತಿಯೂ ಇರಬೇಕು.

ಹಾಗಾಗಿ ನೀವು ಹುಡುಕುವ ಪ್ರತಿ ಕಾಗದಕ್ಕೂ ಒಂದು ಪ್ರಶ್ನೆ ಹಾಕಿ: ಇದು ನಮ್ಮವರ ತೊಂದರೆಯನ್ನು ಅವರ ಡ್ಯೂಟಿಯ ಜೊತೆ ಕಟ್ಟುತ್ತಾ? ಕಟ್ಟುವ ಕಾಗದ ಎಷ್ಟು ಹಳೆಯದೋ ಅದಕ್ಕೆ ಅಷ್ಟು ಬೆಲೆ. ಪೆಟ್ಟಾದ ವಾರದಲ್ಲಿ ಬರೆದ ಅರ್ಧ ಹಾಳೆಯ ಮುಂದೆ, ಇಪ್ಪತ್ತು ವರ್ಷದ ಮೇಲೆ ಮಾಡಿಸಿದ ಎಂಆರ್‌ಐ ಕೂಡ ಹಗುರ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2023ರ ಸೆಪ್ಟೆಂಬರ್ 21ರ ನಂತರ ಸೇವೆ ಬಿಟ್ಟವರಿಗೆ ಹೊಸ ನಿಯಮಗಳಿವೆ. ಅದರಲ್ಲಿ ರಿಟೈರ್ ಆದವರಿಗೆ ಸಿಗುವುದಕ್ಕೆ 'ಇಂಪೇರ್‌ಮೆಂಟ್ ರಿಲೀಫ್' ಅನ್ನುವ ಹೆಸರು ಬಂದಿದೆ. ನಾನಿಲ್ಲಿ ಹೇಳುವ ಕೋರ್ಟ್ ತೀರ್ಪುಗಳೂ ಲೆಕ್ಕಗಳೂ ಅದಕ್ಕಿಂತ ಹಿಂದೆ ಬಿಟ್ಟವರಿಗೆ ಸಂಬಂಧಿಸಿದವು. ಕಾಗದ ಕೂಡಿಸುವ ಕೆಲಸ ಮಾತ್ರ ಇಬ್ಬರಿಗೂ ಒಂದೇ.

ಮೊದಲು ಟ್ರಂಕು

ಪ್ರತಿ ಸೈನಿಕರ ಮನೆಯಲ್ಲೂ ಒಂದು ಕಪ್ಪು ಕಬ್ಬಿಣದ ಟ್ರಂಕು ಇರುತ್ತದೆ, ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ರ‍್ಯಾಂಕು, ಹೆಸರು. ನಮ್ಮದು ಅಟ್ಟದ ಮೇಲಿತ್ತು. ಇಳಿಸಿ ಚಾಪೆಯ ಮೇಲೆ ಎಲ್ಲವನ್ನೂ ಹರಡಿದೆವು. ಮೂಲೆಯಲ್ಲಿ ಗೆದ್ದಲು ಹತ್ತಿತ್ತು. ಮೂವ್‌ಮೆಂಟ್ ಆರ್ಡರ್‌ಗಳ ಒಂದು ಕಟ್ಟು ಮುಟ್ಟಿದ ಕೂಡಲೇ ಪುಡಿಯಾಯ್ತು. ನೀವು ಟ್ರಂಕು ತೆರೆಯುವಾಗ ಯಾವುದನ್ನೂ ಕಸಕ್ಕೆ ಹಾಕಬೇಡಿ. ಹರಿದದ್ದಾದರೂ ಮೊದಲು ಫೋಟೋ ತೆಗೆಯಿರಿ.

ಮುಖ್ಯವಾಗಿ ಹುಡುಕಬೇಕಾದದ್ದು ಡಿಸ್ಚಾರ್ಜ್ ಬುಕ್, ಪಿಪಿಓ (ಪೆನ್ಷನ್ ಪಾವತಿಯ ಆದೇಶ), ಮಿಲಿಟರಿ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಟ್ಟ ಚೀಟಿಗಳು, ಮೆಡಿಕಲ್ ಬೋರ್ಡಿನ ಪ್ರತಿ, ಕ್ಲೇಮು ತಿರಸ್ಕರಿಸಿದ ಪತ್ರ. ಆಮೇಲೆ ನೀವು ನಿರೀಕ್ಷಿಸದ ಕಾಗದಗಳು: ಹಳೇ ಫೋಟೋ, ಮೆಡಲ್ ಪತ್ರ, ಲೀವ್ ಸರ್ಟಿಫಿಕೇಟ್, ಮನೆಗೆ ಬರೆದ ಪತ್ರ.

ಕೊನೆಯದನ್ನು ಹಗುರ ಮಾಡಬೇಡಿ. ಪೆಟ್ಟಾದ ತಾರೀಖು ಅಪ್ಪನಿಗೆ ನೆನಪಿರಲಿಲ್ಲ. "ಲೇಹ್ ಕಡೆ ಇದ್ದಾಗ, ಗಾಡಿ ಜಾರಿತು, ತೊಂಬತ್ತಾರೋ ತೊಂಬತ್ತೇಳೋ" ಅಂತಿದ್ದರು. ಅಡುಗೆಮನೆಯಿಂದ ಅಮ್ಮ ಅಂದರು, "ತೊಂಬತ್ತಾರು. ಇವಳ ನಾಮಕರಣಕ್ಕೆ ಬರ್ತೀನಿ ಅಂದೋರು ಬರಲಿಲ್ಲ. ಆಸ್ಪತ್ರೆಯಿಂದ ಇನ್‌ಲ್ಯಾಂಡ್ ಬಂತು." ಆ ಇನ್‌ಲ್ಯಾಂಡ್ ಪತ್ರ ಅಮ್ಮನ ಸೀರೆ ಪೆಟ್ಟಿಗೆಯಲ್ಲಿತ್ತು. ನೀಲಿ ಹಾಳೆ, ಮಡಿಕೆಗಳಲ್ಲಿ ಬಿರುಕು. ಮೇಲೆ ತಾರೀಖು, ಆಸ್ಪತ್ರೆಯ ಹೆಸರು, ವಾರ್ಡ್ ನಂಬರು. ಒಳಗೆ, ಕಾಲಿಗೆ ಸ್ವಲ್ಪ ಪೆಟ್ಟಾಗಿದೆ, ಗಾಬರಿ ಆಗಬೇಡ ಅಂತ ಬರೆದಿತ್ತು. ನಮ್ಮ ಹುಡುಕಾಟಕ್ಕೆ ತಾರೀಖು ಕೊಟ್ಟದ್ದು ಆ ಪತ್ರ.

ಒಂದು ಹಾಳೆಯಲ್ಲಿ ಸರ್ವಿಸ್ ಪೂರ್ತಿ

ಈಗ ಒಂದು ನೋಟ್‌ಬುಕ್ ತಗೊಂಡು ಕೂತುಕೊಳ್ಳಿ. ಭರ್ತಿಯಾದ ದಿನದಿಂದ ಹೊರಬಂದ ದಿನದವರೆಗೆ ವರ್ಷದ ಪ್ರಕಾರ ಬರೆಯಿರಿ. ಯಾವ ಯೂನಿಟ್, ಯಾವ ಊರು, ಅದು ಪೀಸ್ ಸ್ಟೇಷನ್ನಾ (ಶಾಂತಿಯ ಜಾಗ), ಫೀಲ್ಡಾ (ಗಡಿ, ಕಾರ್ಯಾಚರಣೆಯ ಜಾಗ), ಎತ್ತರದ ಹಿಮದ ಜಾಗವಾ. ಪಕ್ಕದಲ್ಲಿ ಯಾವಾಗ ಆಸ್ಪತ್ರೆ ಸೇರಿದರು, ಯಾವಾಗ ಮೆಡಿಕಲ್ ಕ್ಯಾಟಗರಿ ಇಳಿಯಿತು.

ಕ್ಯಾಟಗರಿಯ ಬಗ್ಗೆ ಮನೆಯವರಿಗೆ ಗೊತ್ತಿರುವುದು ಕಡಿಮೆ. ಸೇನೆಯಲ್ಲಿ ಆರೋಗ್ಯವನ್ನು 'ಶೇಪ್' ಅನ್ನುವ ಅಳತೆಯಲ್ಲಿ ನೋಡುತ್ತಾರೆ. ಮನಸ್ಸು, ಕಿವಿ, ಕೈಕಾಲು, ದೇಹದ ಶಕ್ತಿ, ಕಣ್ಣು, ಈ ಐದೂ ಸೇರಿ ಶೇಪ್. ಎಲ್ಲಾ ಸರಿ ಇದ್ದರೆ ಶೇಪ್-1. ಯಾವುದಾದರೂ ಒಂದು ಕೆಳಗಿಳಿದರೆ ಲೋ ಮೆಡಿಕಲ್ ಕ್ಯಾಟಗರಿ. ಹೀಗೆ ಇಳಿಸುವಾಗಲೆಲ್ಲ ಒಂದು ಬೋರ್ಡ್ ಕೂರುತ್ತದೆ, ಒಂದು ಫಾರಂ ತುಂಬುತ್ತದೆ. ಆ ಫಾರಂ ನಂಬರು ಎಎಫ್‌ಎಂಎಸ್‌ಎಫ್-15. ಇದನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಪ್ಪಂದಿರು ಇದನ್ನೆಲ್ಲ ಒಂದೇ ಸಲ ಕೂತು ಹೇಳುವುದಿಲ್ಲ. ಸಂಜೆ ಕಾಫಿ ಕುಡಿಯುವಾಗ ಒಂದು ವರ್ಷ, ಗದ್ದೆಗೆ ಹೋಗುವಾಗ ಇನ್ನೊಂದು ವರ್ಷ. ನನಗೆ ಐದು ದಿನ ಬೇಕಾಯಿತು. ಜೊತೆಗಿದ್ದವರಿಗೆ ಫೋನ್ ಹಚ್ಚಿಸಿ. ಒಬ್ಬರು ಮರೆತ ಊರಿನ ಹೆಸರು ಇನ್ನೊಬ್ಬರಿಗೆ ನೆನಪಿರುತ್ತದೆ.

ಯಾವ ಕಾಗದ ಎಲ್ಲಿ?

ಸೈನಿಕರ ಮೆಡಿಕಲ್ ಕಾಗದಗಳು ರಿಟೈರ್ ಆದ ಮೇಲೆ ಅವರ ರೆಕಾರ್ಡ್ ಆಫೀಸಿಗೆ ಸೇರುತ್ತವೆ. ಭೂಸೇನೆಯಲ್ಲಿ ಪ್ರತಿ ರೆಜಿಮೆಂಟು ಮತ್ತು ಕೋರಿಗೆ ಬೇರೆ ಬೇರೆ ರೆಕಾರ್ಡ್ ಆಫೀಸ್. ಎಂಇಜಿಯವರಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ. ವಾಯುಪಡೆಯ ಏರ್‌ಮನ್‌ಗಳಿಗೆ ನವದೆಹಲಿಯ ಸುಬ್ರೋತೋ ಪಾರ್ಕ್, ನೌಕಾಪಡೆಯ ಸೇಲರ್‌ಗಳಿಗೆ ಮುಂಬೈ. ನಿಮ್ಮವರದ್ದು ಎಲ್ಲಿ ಅನ್ನುವುದು ಡಿಸ್ಚಾರ್ಜ್ ಬುಕ್‌ನಲ್ಲೂ ಪಿಪಿಓದಲ್ಲೂ ಇರುತ್ತದೆ.

ಅಲ್ಲಿಂದ ಕೇಳಬೇಕಾದ ಫಾರಂಗಳನ್ನು ಹೆಸರು ಹಿಡಿದು ಕೇಳಬೇಕು. ಸುಮ್ನೆ "ಮೆಡಿಕಲ್ ರೆಕಾರ್ಡ್ ಕೊಡಿ" ಅಂದರೆ ಒಂದೆರಡು ಹಾಳೆ ಬಂದು ಕೈ ತೊಳೆದುಕೊಂಡಂತಾಗುತ್ತದೆ.

ಒಂದು, ಭರ್ತಿಯಾಗುವಾಗಿನ ಮೆಡಿಕಲ್ ಪರೀಕ್ಷೆಯ ಫಾರಂ, ಎಎಫ್‌ಎಂಎಸ್‌ಎಫ್-2. ಇದರ ಬೆಲೆ ತಿಳಿಯಬೇಕಾದರೆ ಧರಮ್‌ವೀರ್ ಸಿಂಗ್ ಪ್ರಕರಣ ಗೊತ್ತಿರಬೇಕು. ಸಿಗ್ನಲ್ಸ್ ಕೋರಿನ ಸಿಪಾಯಿ, 1985ರಲ್ಲಿ ಭರ್ತಿ, ಮೂರ್ಛೆ ಕಾಯಿಲೆ ಅಂತ 1994ರಲ್ಲಿ ಹೊರಗೆ ಕಳಿಸಿದರು, ಪೆನ್ಷನ್ ಕೊಡಲಿಲ್ಲ. 2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಭರ್ತಿಯಾಗುವಾಗ ಕಾಯಿಲೆ ಇದೆ ಅಂತ ಎಲ್ಲೂ ಬರೆದಿಲ್ಲವಾದರೆ ಆತ ಆರೋಗ್ಯವಾಗಿದ್ದ ಅಂತಲೇ ತಿಳಿಯಬೇಕು, ಸೇವೆಗೆ ಸಂಬಂಧ ಇಲ್ಲ ಅನ್ನುವುದನ್ನು ಸಾಬೀತು ಮಾಡುವ ಹೊಣೆ ಸೇನೆಯದ್ದು, ಸೈನಿಕನದ್ದಲ್ಲ ಅಂತ ಹೇಳಿತು. ಆರೋಗ್ಯವಾಗಿ ಒಳಗೆ ಹೋದರು ಅಂತ ತೋರಿಸುವ ಕಾಗದ ಈ ಫಾರಂ.

ಎರಡು, ಮಧ್ಯದಲ್ಲಿ ಆದ ಎಲ್ಲಾ ಬೋರ್ಡ್‌ಗಳ ಎಎಫ್‌ಎಂಎಸ್‌ಎಫ್-15. ಮೂರು, ಹೊರಬರುವಾಗಿನ ಬೋರ್ಡಿನ ಎಎಫ್‌ಎಂಎಸ್‌ಎಫ್-16, ಎಲ್ಲಾ ಪುಟಗಳು. ಕಾರಣ ಬರೆದಿರುವುದು ಒಳಗಿನ ಪುಟಗಳಲ್ಲಿ, ಆದ್ದರಿಂದ ಮುಖಪುಟ ಮಾತ್ರ ಬಂದರೆ ಪ್ರಯೋಜನವಿಲ್ಲ. ನಾಲ್ಕು, ಪೆಟ್ಟಾಗಿದ್ದರೆ ಇಂಜುರಿ ರಿಪೋರ್ಟ್, ಫಾರಂ ಐಎಎಫ್‌ವೈ-2006. ಕೋರ್ಟ್ ಆಫ್ ಎಂಕ್ವೈರಿ (ಸೇನೆಯೊಳಗಿನ ವಿಚಾರಣೆ) ನಡೆದಿದ್ದರೆ ಅದರ ಪ್ರತಿ. ಇದರ ಜೊತೆಗೆ ಆ ಸಮಯದ ಪಾರ್ಟ್-2 ಆರ್ಡರ್‌ಗಳು. ಆಸ್ಪತ್ರೆ ಸೇರಿದ್ದು, ಬಿಟ್ಟದ್ದು, ಕ್ಯಾಟಗರಿ ಬದಲಾದದ್ದು ಅದರಲ್ಲಿ ನಮೂದಾಗಿರುತ್ತದೆ.

ಆಸ್ಪತ್ರೆಯ ಕೇಸ್ ಶೀಟ್‌ಗೆ ಆಯಾ ಮಿಲಿಟರಿ ಆಸ್ಪತ್ರೆಗೂ ಬರೆಯಿರಿ. ತುಂಬಾ ಹಳೆಯದಾದರೆ ಇಲ್ಲ ಅನ್ನುವ ಉತ್ತರ ಬರಬಹುದು. ಆ ಉತ್ತರವನ್ನೂ ಜೋಪಾನ ಮಾಡಿ. ಕಾಗದ ಕಳೆದದ್ದು ಸೈನಿಕನ ತಪ್ಪಿನಿಂದಲ್ಲ ಅಂತ ಹೇಳಲು ಅದು ಬೇಕು. ಪೆನ್ಷನ್ ಇಲ್ಲದೆ ಮಧ್ಯದಲ್ಲೇ ಸೇವೆ ಬಿಟ್ಟವರ ಮನೆಯವರು ಮಾತ್ರ ಇನ್ನೂ ಬೇಗ ಹೊರಡಬೇಕು. ಅಂಥವರ ದಾಖಲೆಗಳನ್ನು 25 ವರ್ಷದ ನಂತರ ನಾಶ ಮಾಡುವ ಪದ್ಧತಿ ಇದೆ.

ಕೇಳುವ ಬಗೆ

ಮೊದಲು ಒಂದು ಸಾಮಾನ್ಯ ಅರ್ಜಿಯನ್ನು ರೆಕಾರ್ಡ್ ಆಫೀಸಿಗೆ ಸೈನಿಕರ ಸಹಿಯಲ್ಲೇ ಕಳಿಸಿ. ಸಮಯ ಕಡಿಮೆ ಇದ್ದರೆ ಅದರ ಜೊತೆಯಲ್ಲೇ ಮಾಹಿತಿ ಹಕ್ಕಿನ ಅರ್ಜಿ ಹಾಕಿಬಿಡಿ. ಕೇಂದ್ರ ಸರ್ಕಾರದ ಆರ್‌ಟಿಐ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಶುಲ್ಕ ₹10, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಅಂಚೆಯಲ್ಲಿ ಕಳಿಸುವುದಾದರೆ ₹10ರ ಪೋಸ್ಟಲ್ ಆರ್ಡರ್. ಉತ್ತರ 30 ದಿನದೊಳಗೆ ಬರಬೇಕು. ಬರದಿದ್ದರೆ, ಅಥವಾ ಅರೆಬರೆ ಬಂದರೆ, ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ.

ಅರ್ಜಿಯಲ್ಲಿ ಕಥೆ ಬೇಡ. ಯಾಕೆ ಕೊಡಲಿಲ್ಲ, ಇದು ಅನ್ಯಾಯ ಅಲ್ವಾ, ಇಂಥ ಪ್ರಶ್ನೆಗಳಿಗೆ ಆರ್‌ಟಿಐನಲ್ಲಿ ಉತ್ತರ ಸಿಗುವುದಿಲ್ಲ. ಕೋಪ ಬರುತ್ತದೆ, ನನಗೂ ಬಂದಿತ್ತು. ಆದರೆ ಅದನ್ನು ಅಪೀಲಿಗೆ ಇಟ್ಟುಕೊಳ್ಳಿ. ಆರ್‌ಟಿಐನಲ್ಲಿ ಸರ್ವಿಸ್ ನಂಬರು, ರ‍್ಯಾಂಕು, ಹೆಸರು, ಯೂನಿಟ್, ಆಸ್ಪತ್ರೆ, ತಾರೀಖು, ಫಾರಂ ನಂಬರು, ಇಷ್ಟೇ ಇರಲಿ. ಪೋರ್ಟಲ್‌ನಲ್ಲಿ ಜಾಗವೂ ಜಾಸ್ತಿ ಇಲ್ಲ, 3000 ಅಕ್ಷರ. ಕೇಳುವವರು ಸೈನಿಕರೇ ಆಗಿರಲಿ. ಮಗನೋ ಮಗಳೋ ಕೇಳಿದರೆ ಮೂರನೆಯವರ ಖಾಸಗಿ ಮಾಹಿತಿ ಅಂತ ತಿರಸ್ಕರಿಸುವ ಸಾಧ್ಯತೆ ಇದೆ. ತನ್ನದೇ ಮೆಡಿಕಲ್ ಕಾಗದ ಕೇಳುವವರಿಗೆ ಆ ಮಾತು ಹೇಳಲು ಬರುವುದಿಲ್ಲ. ಗುರುತಿಗೆ ಮಾಜಿ ಸೈನಿಕರ ಗುರುತಿನ ಚೀಟಿಯ ಪ್ರತಿ ಲಗತ್ತಿಸಿ.

ಸೈನಿಕರು ತೀರಿಕೊಂಡಿದ್ದರೆ ಹೆಂಡತಿ ಕೇಳಲಿ. ಮರಣ ಪ್ರಮಾಣಪತ್ರ, ಅವರ ಹೆಸರಿರುವ ಪಿಪಿಓ ಜೊತೆಗಿರಲಿ.

ಒಂದು ಸಣ್ಣ ವಿಷಯದಲ್ಲಿ ಎಷ್ಟೋ ಜನರ ದಿನಗಳು ಸುಮ್ನೆ ಹೋಗುತ್ತವೆ. ರೆಕಾರ್ಡ್ ಆಫೀಸಿನವರು ಮೊದಲು ಜೆರಾಕ್ಸ್ ಖರ್ಚು ಕೇಳಿ ಪತ್ರ ಬರೆಯುತ್ತಾರೆ, ಪುಟಕ್ಕೆ ₹2. ಆ ಪತ್ರ ಹೊರಟ ದಿನದಿಂದ ನೀವು ಹಣ ಕಟ್ಟುವವರೆಗಿನ ದಿನಗಳು 30 ದಿನದ ಲೆಕ್ಕಕ್ಕೆ ಸೇರುವುದಿಲ್ಲ. ನಮಗೆ 86 ಪುಟ, ₹172 ಅಂತ ಬಂತು. ಅದೇ ಮಧ್ಯಾಹ್ನ ಪೋಸ್ಟ್ ಆಫೀಸಿಗೆ ಓಡಿದೆ.

ಆಸ್ಪತ್ರೆ ಅಷ್ಟರಲ್ಲಿ 1996ರ ಯಾವ ಕಾಗದವೂ ಇಲ್ಲ ಅಂತ ಉತ್ತರ ಕೊಟ್ಟಿತ್ತು. ಇಂಜುರಿ ರಿಪೋರ್ಟ್ ರೆಕಾರ್ಡ್ ಆಫೀಸಿನ 86 ಪುಟಗಳಲ್ಲೂ ಇರಲಿಲ್ಲ. ಒಂದೊಂದೇ ಪುಟ ಕಿಟಕಿಯ ಬೆಳಕಿಗೆ ಹಿಡಿದು ಓದಿದೆವು. 41ನೇ ಪುಟ ಕಾರ್ಬನ್ ಕಾಪಿಯ ಜೆರಾಕ್ಸ್, ಅಕ್ಷರಗಳು ಅರ್ಧ ಅಳಿಸಿದ್ದವು. ಪೆಟ್ಟಾದ ಮೂರು ತಿಂಗಳಿಗೆ ನಡೆದ ಮೊದಲ ಬೋರ್ಡಿನ ಫಾರಂ ಅದು. ಯೂನಿಟ್‌ನವರು ತುಂಬಬೇಕಾದ ಜಾಗದಲ್ಲಿ, ಡ್ಯೂಟಿಯಲ್ಲಿದ್ದಾಗ ವಾಹನ ಅಪಘಾತದಲ್ಲಿ ಪೆಟ್ಟು ಅಂತ ಟೈಪ್ ಆಗಿತ್ತು. ಪಕ್ಕದಲ್ಲಿ ಇಂಜುರಿ ರಿಪೋರ್ಟಿನ ತಾರೀಖು, ಕೆಳಗೆ ಕಮಾಂಡಿಂಗ್ ಆಫೀಸರ್ ಸಹಿ. ಅಮ್ಮನ ಇನ್‌ಲ್ಯಾಂಡಿನ ತಾರೀಖಿಗಿಂತ ಆ ರಿಪೋರ್ಟಿನ ತಾರೀಖು ಎರಡು ದಿನ ಹಿಂದಿನದು. ಅಪ್ಪ ಆ ಪುಟವನ್ನು ತುಂಬಾ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು.

ಅದಕ್ಕೇ ಹೇಳುತ್ತಿದ್ದೇನೆ, ಮೂಲ ಕಾಗದ ಸಿಗದಿದ್ದರೆ ಅದರ ಹೆಸರು ಬೇರೆ ಯಾವ ಕಾಗದದಲ್ಲಿ ಬಂದಿರಬಹುದು ಅಂತ ಯೋಚಿಸಿ. ಮಿಲಿಟರಿಯಲ್ಲಿ ಒಂದು ಘಟನೆಯನ್ನು ನಾಲ್ಕು ಕಡೆ ಬರೆಯುತ್ತಾರೆ.

ತೊಂದರೆಗೆ ತಕ್ಕ ಕಾಗದ

ಪೆಟ್ಟಿನ ವಿಷಯ ಆಯ್ತು. ಕಾಯಿಲೆಗಳಲ್ಲಿ ಬೇರೆ ಥರದ ಕಾಗದ ಬೇಕು.

ಬಿಪಿ ಇದ್ದರೆ ಅದು ಶುರುವಾದಾಗ ಎಲ್ಲಿದ್ದರು ಅನ್ನುವುದು ಮುಖ್ಯ. ಫೀಲ್ಡ್, ಉಗ್ರರ ವಿರುದ್ಧ ಕಾರ್ಯಾಚರಣೆ, ಎತ್ತರದ ಪ್ರದೇಶ, ಇವುಗಳಲ್ಲಿ ಶುರುವಾಗಿದ್ದರೆ ಪೋಸ್ಟಿಂಗ್ ದಾಖಲೆಯನ್ನು ಮೆಡಿಕಲ್ ಕಾಗದದ ಪಕ್ಕದಲ್ಲೇ ಇಡಿ. ನೀವು ಬರೆದ ಆ ವರ್ಷವಾರು ಹಾಳೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೃದಯದ ಕಾಯಿಲೆಯಾದರೆ ಎದೆನೋವು ಬಂದ ದಿನಕ್ಕಿಂತ ಹಿಂದಿನ 14 ದಿನ ಏನೇನು ಡ್ಯೂಟಿ ಮಾಡಿದ್ದರು ಅನ್ನುವ ಚಾರ್ಟರ್ ಆಫ್ ಡ್ಯೂಟೀಸ್ ನೋಡುತ್ತಾರೆ. ಅದನ್ನು ಹೆಸರು ಹೇಳಿಯೇ ಕೇಳಿ. ಮನಸ್ಸಿಗೆ ಸಂಬಂಧಿಸಿದ ತೊಂದರೆಯಾದರೆ ಕಮಾಂಡಿಂಗ್ ಆಫೀಸರ್ ಬರೆದ ಎಎಫ್‌ಎಂಎಸ್‌ಎಫ್-10. ಇದನ್ನು ಕೇಳಲು ಮನೆಯವರು ಹಿಂಜರಿಯುತ್ತಾರೆ. ದಯವಿಟ್ಟು ಹಿಂಜರಿಯಬೇಡಿ. ಮಂಡಿ ನೋವಿನಷ್ಟೇ ಅದೂ ನೋವು.

ಫಿರಂಗಿ ದಳದಲ್ಲಿದ್ದು ಕಿವಿ ಮಂದವಾದವರು ಹಳೆಯ ಆಡಿಯೋಗ್ರಾಂಗಳನ್ನೂ, ತೋಪುಗಳ ಹತ್ತಿರ ಎಷ್ಟು ವರ್ಷ ಕೆಲಸ ಮಾಡಿದರು ಅನ್ನುವುದಕ್ಕೆ ದಾಖಲೆಯನ್ನೂ ಕೂಡಿಸಲಿ. ರಜೆಗೆ ಊರಿಗೆ ಬರುವ ದಾರಿಯಲ್ಲೋ ವಾಪಸ್ ಹೋಗುವಾಗಲೋ ಪೆಟ್ಟಾಗಿದ್ದರೆ ಲೀವ್ ಸರ್ಟಿಫಿಕೇಟ್, ರೈಲ್ವೆ ವಾರಂಟ್ ಅಥವಾ ಟಿಕೆಟ್, ಪೊಲೀಸ್ ಎಫ್‌ಐಆರ್, ಮೊದಲು ಸೇರಿಸಿದ ಸರ್ಕಾರಿ ಆಸ್ಪತ್ರೆಯ ಕಾಗದ ಬೇಕು.

ಈಗಿನ ಸ್ಥಿತಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನ ಚೀಟಿಗಳು, ಅಲ್ಲಿಂದ ಕಳಿಸಿದ ಆಸ್ಪತ್ರೆಯ ರಿಪೋರ್ಟು ಸಾಕು. ಖಾಸಗಿ ಡಾಕ್ಟರು ಶೇಕಡ 60 ಅಂತ ಬರೆದುಕೊಟ್ಟರೂ ಬೋರ್ಡಿನ 20 ತಾನಾಗಿ 60 ಆಗುವುದಿಲ್ಲ. ಪ್ರಮಾಣದ ಬಗ್ಗೆಯೇ ತಕರಾರು ಇದ್ದರೆ ಮತ್ತೊಂದು ಬೋರ್ಡ್ ಕೇಳಬೇಕು, ಆಗ ಈ ರಿಪೋರ್ಟುಗಳು ಆಸರೆಯಾಗುತ್ತವೆ.

ಕಡತ ಕಟ್ಟುವುದು

ತಾರೀಖಿನ ಪ್ರಕಾರ ಜೋಡಿಸಿ, ಹಳೆಯದು ಮೊದಲು. ಪ್ರತಿ ಹಾಳೆಗೂ ಕೈಯಿಂದ ಪುಟಸಂಖ್ಯೆ ಹಾಕಿ. ಅಳಿಸಿಹೋದ ಅಕ್ಷರ ಇದ್ದರೆ ಅದನ್ನು ಬೇರೆ ಹಾಳೆಯಲ್ಲಿ ಟೈಪ್ ಮಾಡಿಸಿ ಹಿಂದೆ ಸೇರಿಸಿ. ಮೂಲ ಕಾಗದ ಯಾರಿಗೂ ಕೊಡಬೇಡಿ. ಕೆಲಸ ಮಾಡಿಸಿಕೊಡುತ್ತೇನೆ, ಡಿಸ್ಚಾರ್ಜ್ ಬುಕ್ ಕೊಟ್ಟಿರಿ ಅಂತ ಕೇಳುವವರು ಸಿಗುತ್ತಾರೆ. ಕೊಡಬೇಡಿ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಅರ್ಜಿ ಬರೆಯಲು ದುಡ್ಡಿಲ್ಲದೆ ಸಹಾಯ ಸಿಗುತ್ತದೆ.

ಮೇಲೆ ಒಂದೂವರೆ ಪುಟದ ಅಪೀಲು ಇರಲಿ. ಭರ್ತಿಯಾದಾಗ ಆರೋಗ್ಯವಾಗಿದ್ದೆ, ಪುಟ ಇಷ್ಟು. ಇಂಥ ದಿನ ಇಂಥಲ್ಲಿ ಡ್ಯೂಟಿಯಲ್ಲಿ ಪೆಟ್ಟಾಯಿತು, ಪುಟ ಇಷ್ಟು. ಲಭ್ಯವಿಲ್ಲ ಅಂತ ಹೇಳಿದ ಕಾಗದಕ್ಕೆ ರುಜುವಾತು ಇಲ್ಲಿದೆ, ಪುಟ ಇಷ್ಟು. ಓದುವವರು ಹುಡುಕುವ ಹಾಗಿರಬಾರದು. ಗಡುವು ಹತ್ತಿರ ಬಂದು ಆರ್‌ಟಿಐ ಉತ್ತರ ಬಂದಿರದಿದ್ದರೆ, ಇರುವಷ್ಟರಲ್ಲೇ ಅಪೀಲು ಕಳಿಸಿ, ಉಳಿದ ದಾಖಲೆ ಆಮೇಲೆ ಸಲ್ಲಿಸುತ್ತೇನೆ ಅಂತ ಬರೆಯಿರಿ. ಸ್ಪೀಡ್ ಪೋಸ್ಟ್ ರಸೀದಿಯನ್ನು ನಿಮ್ಮ ಪ್ರತಿಗೆ ಪಿನ್ ಮಾಡಿಡಿ. ಮೊದಲ ಅಪೀಲು ಬಿದ್ದರೆ ಎರಡನೆಯದಕ್ಕೂ ಆರು ತಿಂಗಳು. ಅದೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, ಅಲ್ಲಿಗೂ ಇದೇ ಕಡತ ಹೋಗುತ್ತದೆ.

ನಮ್ಮ ಅಪೀಲು ಗಡುವಿಗೆ ಒಂಬತ್ತು ದಿನ ಇರುವಾಗ ಹೋಯಿತು. ವರ್ಷದ ಮೇಲೆ ಒಪ್ಪಿಗೆಯ ಪತ್ರ ಬಂತು.

ಒಪ್ಪಿಗೆ ಬಂದ ಮೇಲೂ ಒಂದು ಕಡೆ ಕಣ್ಣಿಡಬೇಕು. ಪ್ರಯಾಗ್‌ರಾಜ್‌ನ ಪೆನ್ಷನ್ ಕಚೇರಿಯಿಂದ ತಿದ್ದಿದ ಪಿಪಿಓ ಬರುತ್ತದೆ, ಈಗ ಸೇನೆಯ ಪೆನ್ಷನ್‌ಗಳ ಸ್ಪರ್ಶ್ ಪೋರ್ಟಲ್‌ನಲ್ಲೂ ಕಾಣಿಸುತ್ತದೆ. ಅದರಲ್ಲಿ ಶೇಕಡಾವಾರು ಎಷ್ಟಿದೆ ನೋಡಿ. 20ರಿಂದ 50ರ ಒಳಗಿದ್ದರೆ 50 ಅಂತ, 50ರಿಂದ 75 ಇದ್ದರೆ 75 ಅಂತ, ಅದಕ್ಕಿಂತ ಜಾಸ್ತಿ ಇದ್ದರೆ 100 ಅಂತ ಲೆಕ್ಕ ಹಿಡಿಯುವ ನಿಯಮ ಇದೆ. ಅವಧಿ ಮುಗಿಸಿ ರಿಟೈರ್ ಆದವರಿಗೂ ಅದು ಸಲ್ಲುತ್ತದೆ ಅಂತ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿದೆ. ಶೇಕಡ 100ಕ್ಕೆ ಕೊನೆಯ ಸಂಬಳದ ಶೇಕಡ 30 ಸಿಗುತ್ತದೆ. ಕೊನೆಯ ಸಂಬಳ ₹40,000 ಇದ್ದವರಿಗೆ 20ರ ಲೆಕ್ಕದಲ್ಲಿ ತಿಂಗಳಿಗೆ ₹2,400, 50ರ ಲೆಕ್ಕದಲ್ಲಿ ₹6,000. ಇದರ ಮೇಲೆ ತುಟ್ಟಿಭತ್ಯೆ ಬೇರೆ.

ಅಪ್ಪನ ಮೊದಲ ಪಿಪಿಓದಲ್ಲಿ 20 ಅಂತಲೇ ಇತ್ತು. ಮತ್ತೆ ಒಂದು ಪುಟದ ಅರ್ಜಿ ಬರೆದು, ತೀರ್ಪಿನ ಪ್ರತಿ ಇಟ್ಟು, ಅದೇ ಪೋಸ್ಟ್ ಆಫೀಸಿನ ಸಾಲಿನಲ್ಲಿ ನಿಂತೆ. 50 ಅಂತ ತಿದ್ದಿದ ಕಾಗದ ಬಂದಾಗ ಅಮ್ಮ ಅದನ್ನು ಇನ್‌ಲ್ಯಾಂಡಿನ ಜೊತೆ ಸೀರೆ ಪೆಟ್ಟಿಗೆಯಲ್ಲಿಟ್ಟರು.